ಮೀಸೆಯ ಮಣ್ಣು

ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬ ಗಾದೆಯ ವಿಸ್ತಾರವನ್ನು 34 ವರ್ಷಗಳ ಮಾಸ್ತರಿಕೆಯಲ್ಲಿ ನಾವು ಎಷ್ಟು ಸಲ ಮಕ್ಕಳಿಂದ ಬರೆಯಿಸಿದ್ದೇವೋ ಲೆಕ್ಕವಿಲ್ಲ. ಸೋತರೂ ಸೋಲನ್ನೊಪ್ಪದ ಗರ್ವಿಷ್ಠನ ಲಕ್ಷಣವೆಂದು ಮೊದಲನೆಯ ವಾಕ್ಯವನ್ನು ನಾವೇ ಹೇಳಿಕೊಡುತ್ತಿದ್ದೆವು. ಆ ಗಾದೆಯ ಜಟ್ಟಿ ನಾವೇ ಆಗಿದ್ದ ಪ್ರಸಂಗವನ್ನು ಮಾತ್ರ ಯಾವ ತರಗತಿಯಲ್ಲಿಯೂ ಹೇಳಲಿಲ್ಲ. ನಿವೃತ್ತರಾದ ಮೇಲೆ ಹೇಳುವುದರಲ್ಲಿ ಧೈರ್ಯವೇನೂ ಇಲ್ಲ. ಆದರೂ ಈ ಪತ್ರಿಕೆಯ ವಾಚಕರಲ್ಲಿ ಮಾಸ್ತರರೂ ವಿದ್ಯಾರ್ಥಿಗಳೂ ಇರುವುದರಿಂದ ಹೇಳಿಬಿಡುವೆವು. (ನಾವು ಎಂದರೆ ಒಬ್ಬರೇ. ಮಣ್ಣಿಗೆ ಬಿದ್ದಾಗಲೂ ಬಹುವಚನವನ್ನು ಬಿಡದ ಕುಲ ನಮ್ಮದು.)

ಅದು 1979ರ ಮಾತು. ಜತ್ತ ತಾಲೂಕಿನ ಒಂದು ಹಳ್ಳಿಯ ಕನ್ನಡ ಶಾಲೆಗೆ ನಾವು ಬಂದು ಎರಡು ವರ್ಷವಾಗಿತ್ತು; ವಯಸ್ಸು 26. ಹನುಮಂತ ದೇವರ ಗುಡಿಯ ಬೆನ್ನಿಗೆ ಒಂದು ತಾಲೀಮು ಇತ್ತು. ಹನುಮ ಜಯಂತಿಯ ಸಂಜೆ ಅಲ್ಲಿ ಮಲ್ಲವಿದ್ಯೆಯ ಮೇಲೆ ನಮ್ಮ ಭಾಷಣವಾಯಿತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆದ ಮಾನಸೋಲ್ಲಾಸದಲ್ಲಿ ಮಲ್ಲವಿನೋದವೆಂಬ ಭಾಗವೇ ಇರುವುದನ್ನೂ, ಕರಾಡದ ಹತ್ತಿರದ ಗೋಳೇಶ್ವರ ಗ್ರಾಮದ ಖಾಶಾಬಾ ಜಾಧವರು 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಕಂಚಿನ ಪದಕ ಗೆದ್ದುದನ್ನೂ ಕೈ ಬೀಸಿ ಬೀಸಿ ವರ್ಣಿಸಿದೆವು. ಎಲ್ಲವೂ ಪುಸ್ತಕದಿಂದ ಬಂದುದು. ವಸ್ತಾದರು ಕಂಬಕ್ಕೆ ಒರಗಿ ಕೇಳಿದರು. ಕೊನೆಗೆ, "ಚಲೋ ಹೇಳಿದ್ರಿ ಮಾಸ್ತರ. ನಾಳಿಂದ ಬಂದು ಸ್ವಲ್ಪ ಮಣ್ಣ ಮುಟ್ರಿ" ಎಂದರು. ಅದನ್ನು ಸನ್ಮಾನವೆಂದೇ ಬಗೆದೆವು.

ಬೆಳಗಿನ ನಾಲ್ಕೂವರೆಗೆ ಹೋದರೆ ಕೈಗೆ ಬಂದದ್ದು ಸಲಿಕೆ. ಕೆಮ್ಮಣ್ಣಿಗೆ ಮಜ್ಜಿಗೆ, ಎಳ್ಳೆಣ್ಣೆ, ಅರಿಷಿಣ, ನಿಂಬೆಯ ರಸ ಬೆರೆಸಿದ ಆ ಅಖಾಡವನ್ನು ದಿನವೂ ಅಗೆದು ಹದ ಮಾಡಬೇಕು. ಇಲ್ಲವಾದರೆ ಮಣ್ಣು ಗಟ್ಟಿಯಾಗಿ ಬಿದ್ದವನ ಎಲುಬು ನುಗ್ಗಾಗುವುದು. ಒಂದು ತಿಂಗಳು ಅಗೆದೆವು. ಜೊತೆಗೆ ದಂಡ, ಬಸ್ಕಿ. ಮೊದಲ ವಾರ ಕುರ್ಚಿಯ ಮೇಲೆ ಕುಳಿತರೆ ಏಳಲಾಗದು, ಎದ್ದರೆ ಕೂರಲಾಗದು. ಮಕ್ಕಳು ಪುಸ್ತಕವನ್ನು ಮುಖಕ್ಕೆ ಹಿಡಿದು ನಗುತ್ತಿದ್ದರು. ಗೋಡೆಯ ಮೇಲೆ, ಬೆಳಗಾವಿ ಜಿಲ್ಲೆಯ ಯಕ್ಸಂಬೆಯಲ್ಲಿ ಹುಟ್ಟಿ 1959ರಲ್ಲಿ ಮೊದಲನೆಯ ಹಿಂದ್ ಕೇಸರಿಯಾದ ಶ್ರೀಪತಿ ಖಂಚನಾಳೆಯವರ ಚಿತ್ರವಿತ್ತು. ಅಗೆಯುತ್ತ ಅದನ್ನು ನೋಡುವುದು, ನೋಡುತ್ತ ನಮ್ಮ ತೋಳನ್ನು ನೋಡಿಕೊಳ್ಳುವುದು. "ಯಾವಾಗ ಕುಸ್ತಿ?" ಎಂದು ಕೇಳಿದರೆ ವಸ್ತಾದರು, "ಮೊದಲ ಬೀಳೂದು ಕಲೀರಿ. ಕೆಡವೂದು ಆಮ್ಯಾಲ" ಎನ್ನುವರು.

ಆ ದಿನವೂ ಬಂದಿತು. ನಮ್ಮೆದುರು ನಿಲ್ಲಿಸಿದ್ದು ನಮ್ಮದೇ ಏಳನೆಯ ಇಯತ್ತೆಯ ಹುಡುಗನನ್ನು. ಎರಡು ಸಲ ನಪಾಸಾಗಿ 15 ವರ್ಷ ತುಂಬಿದ್ದವನು. ಕುರಿ ಕಾಯುವವರ ಮನೆಯವನು. ಅಪೂರ್ಣಾಂಕಗಳ ಲೆಕ್ಕಕ್ಕೆ ಹಲಗೆಯ ಮುಂದೆ ನಿಂತರೆ ಅವನಿಂದ ಮಾತೇ ಹೊರಡದು. ನಾವು ಅವನಿಗೆ 'ಬಂಡೆ' ಎಂದು ಹೆಸರಿಟ್ಟಿದ್ದೆವು. ತರಗತಿಯೆಲ್ಲ ಅದನ್ನೇ ಕರೆಯುತ್ತಿತ್ತು.

ಅವನು ಬಗ್ಗಿ ಮಣ್ಣನ್ನು ಮುಟ್ಟಿ ಹಣೆಗೆ ಹಚ್ಚಿಕೊಂಡನು. ಆಮೇಲೆ ನಮ್ಮ ಕಾಲು ಮುಟ್ಟಿದನು. ಆಮೇಲೆ ಕೈ ಕೊಟ್ಟನು. ಇಷ್ಟೆಲ್ಲ ಮರ್ಯಾದೆಯಾದ ಮೇಲೆ ನಮಗೆ ನೆನಪಿರುವುದು ಗುಡಿಯ ಮೇಲಿನ ಬೆಳಗಿನ ಚುಕ್ಕೆ. ಕತ್ತಿನ ಮೇಲೊಂದು ಕೈ ಇಟ್ಟವನು ಯಾವಾಗ ಬಗ್ಗಿದನೋ, ಯಾವಾಗ ನಮ್ಮ ಒಂದು ಕಾಲನ್ನು ಎತ್ತಿದನೋ ತಿಳಿಯಲಿಲ್ಲ. ಅದಕ್ಕೆ ಏಕೇರಿ ಪಟವೆಂದು ಹೆಸರು. ಹೆಸರು ನಮಗೆ ಗೊತ್ತಿತ್ತು. ಎರಡನೆಯ ಸಲವೂ ಅದೇ ಕಾಲು, ಅದೇ ಚುಕ್ಕೆ. ಕಟ್ಟೆಯ ಮೇಲೆ ಯಾರೂ ನಗಲಿಲ್ಲ, ನಕ್ಕಿದ್ದರೆ ಒಳ್ಳೆಯದಾಗುತ್ತಿತ್ತೇನೋ. ಬಿದ್ದಾಗ ಅವನು ನಮ್ಮ ತಲೆಯ ಕೆಳಗೆ ಅಂಗೈ ಕೊಟ್ಟಿದ್ದನೆಂಬುದನ್ನು ಕಂಡು ಸಿಟ್ಟು ಇಮ್ಮಡಿಸಿತು. ನಮ್ಮ ಕೈಗೆ ಸುಣ್ಣದ ಕಡ್ಡಿಯಿದ್ದರೆ ಈ ಹುಡುಗ ಎಲ್ಲಿ ನಿಲ್ಲುವನೆಂದು ನಮಗೆ ಗೊತ್ತು, ಎಂದಿತು ಮನಸ್ಸು.

ಮೂರನೆಯ ಸಲ ಅವನು ಕತ್ತಿಗೆ ಕೈ ತಂದಾಗ ನಾವು ಅವನ ಬಲಗೈಯ ಒಂದು ಬೆರಳನ್ನು ಹಿಡಿದು ತಿರುವಿದೆವು. ತಿಳಿಯದೆ ಮಾಡಿದ್ದಲ್ಲ. ಬೆರಳು ಮುರಿಯುವುದು ಕುಸ್ತಿಯಲ್ಲಿ ನಿಷಿದ್ಧವೆಂದು ಭಾಷಣದಲ್ಲಿ ಹೇಳಿದವರೇ ನಾವು. ಹುಡುಗ ಕೂಗಲಿಲ್ಲ, ಹಿಡಿತ ಬಿಟ್ಟು ಹಿಂದೆ ಸರಿದನು, ಅಷ್ಟೆ. ವಸ್ತಾದರು ದನಿ ಏರಿಸದೆ ಹೇಳಿದರು: "ಬೆರಳಿಗೆ ಕೈ ಹಾಕೂದು ನಮ್ಮ ತಾಲೀಮಿನಾಗ ಇಲ್ಲ, ಮಾಸ್ತರ. ಸಲಿಕೆ ತಗೋರಿ."

ಹತ್ತೂವರೆಗೆ ಶಾಲೆ. ಶುದ್ಧಲೇಖನ ಹೇಳುತ್ತ ಸಾಲುಗಳ ನಡುವೆ ನಡೆದೆವು. ಕೊನೆಯ ಸಾಲಿನಲ್ಲಿ ಅವನ ವಹಿ ಬರಿದಾಗಿತ್ತು. ಬೆರಳು ಬಾಳೆಕಾಯಿಯಂತೆ ಬಾತಿತ್ತು. ನಮಗಿದ್ದ ಭಯ ಅವನ ಬೆರಳಿನದಲ್ಲ, ಅವನ ಬಾಯಿಯದು. ಆದರೂ ಅಭ್ಯಾಸದ ಬಲ ನೋಡಿರಿ, "ಏಕೆ ಬರೆದಿಲ್ಲ?" ಎಂದು ಕೇಳಿಯೇ ಬಿಟ್ಟೆವು. ಎದ್ದು ನಿಂತನು. "ನೀರು ಸೇದುವಾಗ ಹಗ್ಗ ಜಾರಿತ್ರಿ, ಗುರುಗಳ." ಹಲಗೆಯ ಮುಂದೆ ಒಂದು ಮಾತೂ ಹೊರಡದವನು ಅಷ್ಟು ಸರಾಗವಾಗಿ ಸುಳ್ಳು ಹೇಳಿದ್ದು ಅದೇ ಮೊದಲು.

ಮುಂದಿನ 15 ದಿನ ಅವನ ವಹಿಯನ್ನು ನಾವೇ ಬರೆದುಕೊಟ್ಟೆವು. ನಮ್ಮ ಗುರುಗಳು ಎಷ್ಟು ಒಳ್ಳೆಯವರೆಂದು ಹುಡುಗರು ಮನೆಗಳಲ್ಲಿ ಹೇಳಿದರು. ಒಬ್ಬ ತಾಯಿ ಶೇಂಗಾದ ಹೋಳಿಗೆ ಕಳುಹಿಸಿದಳು. ಆ ಹೋಳಿಗೆ ಗಂಟಲಲ್ಲಿ ಇಳಿಯಲಿಲ್ಲ. ಬರೆಯುತ್ತ ಪಕ್ಕದಲ್ಲಿ ಕುಳಿತಿದ್ದುದರಿಂದ ಒಂದು ಸಂಗತಿ ತಿಳಿಯಿತು: ಅವನಿಗೆ ಅಪೂರ್ಣಾಂಕ ತಿಳಿಯದೆ ಇರಲಿಲ್ಲ; ಕುರಿಯ ಪಾಲಿನ ಲೆಕ್ಕವಾಗಿ ಕೇಳಿದರೆ ಥಟ್ಟನೆ ಹೇಳುತ್ತಿದ್ದನು. ಅಡ್ಡಗೆರೆ ಹಾಕಿ ಮೇಲೊಂದು ಕೆಳಗೊಂದು ಬರೆದರೆ ಕಂಗೆಡುತ್ತಿದ್ದನು. ಎರಡು ವರ್ಷಗಳಲ್ಲಿ ನಾವು ಅವನ ಪಕ್ಕ ಒಮ್ಮೆಯೂ ಕುಳಿತಿರಲಿಲ್ಲ.

ಒಂದು ಸಂಜೆ ಹಟ್ಟಿಯ ದಾರಿಯಲ್ಲಿ ಅವನನ್ನು ನಿಲ್ಲಿಸಿ, "ತಪ್ಪಾಯಿತು" ಎಂದೆವು. ಅವನಿಗೆ ನಮಗಿಂತ ಹೆಚ್ಚು ಸಂಕೋಚವಾಯಿತು. "ಕುಸ್ತಿಯಾಗ ಆಗತೈತ್ರಿ" ಎಂದು ಕುರಿಗಳ ಹಿಂದೆ ಓಡಿದನು. ಆಗತೈತಿ ಎಂಬುದು ಸುಳ್ಳು; ನಾವು ಮಾಡಿದ್ದೆವು. ತರಗತಿಯಲ್ಲಿ ಹೇಳುವ ಎದೆ ಮಾತ್ರ ಬರಲಿಲ್ಲ. 'ಬಂಡೆ' ಎಂದು ಕರೆಯುವುದನ್ನು ನಾವು ಬಿಟ್ಟೆವು. ಹುಡುಗರು ಬಿಡಲಿಕ್ಕೆ ಇನ್ನೂ ಬಹಳ ದಿನ ಹಿಡಿಯಿತು.

ವಸ್ತಾದರು ಒಂದು ತಿಂಗಳು ನಮ್ಮನ್ನು ಅಖಾಡಕ್ಕೆ ಇಳಿಸಲಿಲ್ಲ. ಕೈಯಲ್ಲಿ ಸಲಿಕೆಯ ಗುಳ್ಳೆಗಳು ಒಡೆದು ಒಣಗಿ ಗಟ್ಟಿಯಾದವು. ಮತ್ತೆ ಇಳಿಸಿದಾಗ ಎದುರಿಗೆ ಅದೇ ಹುಡುಗನನ್ನು ನಿಲ್ಲಿಸಿದರು. ಬೆರಳು ಸ್ವಲ್ಪ ಸೊಟ್ಟಗೆ ಕೂಡಿತ್ತು. ಮಣ್ಣು ಮುಟ್ಟಿದನು, ಈ ಸಲ ನಮ್ಮ ಕಾಲು ಮುಟ್ಟಲು ಬಂದವನನ್ನು ನಾವು ತಡೆದೆವು. ಒಂದು ಕ್ಷಣ ನೋಡಿದನು. ಬರಿಯ ಕೈ ಕೊಟ್ಟನು, ಆ ಬಲಗೈಯನ್ನೇ.

ಕೆಡವಿದನು. ತಲೆಯ ಕೆಳಗೆ ಅಂಗೈ ಕೊಡಲಿಲ್ಲ. ಹಾಗೆ ಐದು ಸಲ. ಐದನೆಯದರಲ್ಲಿ ಗದ್ದವನ್ನು ಎದೆಗೆ ಒತ್ತಿ, ಭುಜ ಸುತ್ತಿಸಿ ಬೀಳುವುದು ನಮಗೆ ಬಂದಿತು. ವಸ್ತಾದರು ಕಟ್ಟೆಯ ಮೇಲಿಂದ ಹೂಂ ಎಂದರು.

ಆಮೇಲೆ ಬಾವಿಕಟ್ಟೆಯಲ್ಲಿ ಅವನು ಕೊಡದಿಂದ ನೀರು ಸುರಿದನು, ನಾವು ಮುಖ ತೊಳೆದೆವು. ಸಾಕೆಂದು ಟವಲಿಗೆ ಕೈ ಚಾಚಿದಾಗ, "ತಡೀರಿ ಗುರುಗಳ, ಮೀಸಿಗೆ ಇನ್ನೂ ಹತ್ತೇತ್ರಿ" ಎಂದು ಮತ್ತೊಂದು ಕೊಡ ಎತ್ತಿದನು.