ರೂಪವೇ ದುಡಿಮೆಯಾದಾಗ

‘ಮಾಡೆಲ್’ ಎಂಬುದಕ್ಕೆ ಕನ್ನಡದಲ್ಲಿ ‘ರೂಪದರ್ಶಿ’ ಎಂಬ ಚೆಲುವಾದ ಮಾತಿದೆ. ಕೆ. ವಿ. ಅಯ್ಯರ್ ಅವರ ಕಾದಂಬರಿಯನ್ನು ಓದಿದವರಿಗೆ ಅದು ಹಳೆಯ ಪರಿಚಯ. ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿದ ಅಯ್ಯರ್ ಸ್ವತಃ ಅಂಗಸೌಷ್ಠವಕ್ಕೆ ಹೆಸರಾದವರು. ಅವರ ಚಿತ್ರಗಳು ಹೊರದೇಶದ ದೇಹದಾರ್ಢ್ಯ ಪತ್ರಿಕೆಗಳಲ್ಲಿಯೂ ಅಚ್ಚಾಗಿದ್ದವು. ಅವರ ‘ರೂಪದರ್ಶಿ’ಯಲ್ಲಿ ಬಾಲಯೇಸುವಿನ ಚಿತ್ರಕ್ಕೆ ಮಾದರಿಯಾದ ಮುಗ್ಧ ಮುಖವೇ, ವರ್ಷಗಳು ಸರಿದು ಬಾಳು ಕೆಟ್ಟ ಮೇಲೆ, ದ್ರೋಹಿ ಜೂದಾಸನ ಚಿತ್ರಕ್ಕೂ ಮಾದರಿಯಾಗುತ್ತದೆ. ಮುಖವನ್ನು ನಂಬಿ ಬದುಕಹೊರಟವರು ಮುಖದ ಹಿಂದಿರುವ ಬದುಕನ್ನೂ ಕಾಯ್ದುಕೊಳ್ಳಬೇಕೆಂಬ ಎಚ್ಚರ ಆ ಕಥೆಯಲ್ಲಿದೆ.

ಸೊಲ್ಲಾಪುರದ ಕನ್ನಡ ಮನೆಯೊಂದರ ಹುಡುಗಿಗೆ ಆ ಎಚ್ಚರದ ಅಗತ್ಯ ಬಹುಬೇಗ ಬಂದಿತು. ತಂದೆ ಟವೆಲ್ ಕಾರಖಾನೆಯೊಂದರಲ್ಲಿ ಲೆಕ್ಕ ಬರೆಯುವವರು. ಮಗಳು ಬಿ.ಕಾಂ. ಮುಗಿಸಿದ ವರ್ಷ ಸಿದ್ಧೇಶ್ವರ ಜಾತ್ರೆಯಲ್ಲಿ ಇಳಕಲ್ ಸೀರೆಯುಟ್ಟು ತೆಗೆಸಿಕೊಂಡ ಚಿತ್ರವೊಂದು ಮೊಬೈಲಿನಿಂದ ಮೊಬೈಲಿಗೆ ಹರಿದಾಡಿತು. ಅದನ್ನು ಕಂಡೆನೆಂದು ಮುಂಬಯಿಯಿಂದ ಒಬ್ಬನ ಕರೆ ಬಂದಿತು. ತಾನು ಕೋಆರ್ಡಿನೇಟರ್, ಮೂರು ತಿಂಗಳಲ್ಲಿ ಜಾಹೀರಾತಿನ ಕೆಲಸ ಕೊಡಿಸುವೆನೆಂದನು. ನೋಂದಣಿಗೆ 5,000 ರೂಪಾಯಿ. ತಾನು ಹೇಳಿದ ಸ್ಟುಡಿಯೋದಲ್ಲಿಯೇ ಪೋರ್ಟ್‌ಫೋಲಿಯೊ ಮಾಡಿಸಲು 60,000.

ತಾಯಿ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಕೈಯ ಪಾಟಲಿಗಳನ್ನು ಬಿಚ್ಚಿ ದೇವರ ಮುಂದಿಟ್ಟಳು. “ಇವಳ ಮದುವಿಗಂತ ಇಟ್ಟಿದ್ದೆ. ಇದೂ ಇವಳ ಬಾಳ್ವೇನ ಅಲ್ಲ?” ಎಂದಳು. ಸೀರೆ ವ್ಯಾಪಾರದಲ್ಲಿ ಮೂವತ್ತು ವರ್ಷ ಕಳೆದ ಸೋದರತ್ತೆ ಮಾತ್ರ ಒಪ್ಪಲಿಲ್ಲ. “ವೈನೀ, ದುಡಿಯಾಕ ಹೋದಾಕಿ ಕೈಗೆ ರೊಕ್ಕಾ ಬರಬೇಕು. ಕೆಲಸಾ ಕೊಡಾಂವನ ರೊಕ್ಕಾ ಕೇಳಿದ್ರ ಅದೆಂಥಾ ಕೆಲಸ?” ಎಂದು ಕೇಳಿದಳು. ಪಾಟಲಿಗಳು ಮರಳಿ ಕೈಗೇರಿದವು.

ಆ ಪ್ರಶ್ನೆಯಲ್ಲಿ ಈ ವೃತ್ತಿಯ ಲೆಕ್ಕವೆಲ್ಲ ಅಡಗಿತ್ತು. ನೇರಾಗಿ ನಡೆಯುವ ಏಜೆನ್ಸಿ ತನ್ನ ಪಾಲನ್ನು ರೂಪದರ್ಶಿಯ ಸಂಭಾವನೆಯಿಂದ ಪಡೆಯುತ್ತದೆ. ಸಾಮಾನ್ಯವಾಗಿ ಅದು ಶೇ. 20ರ ಆಸುಪಾಸು. ಅವಳಿಗೆ ಕೆಲಸ ದೊರೆತರೆ ಮಾತ್ರ ಅದಕ್ಕೂ ಗಳಿಕೆ. ಮೊದಲೇ ಹಣ ಪಡೆದವನಿಗಾದರೋ ಅವಳಿಗೆ ಕೆಲಸ ಸಿಕ್ಕರೂ ಸಿಗದಿದ್ದರೂ ಲಾಭ ಆಗಿಹೋಗಿರುತ್ತದೆ. ಇಂಥದೇ ಸ್ಟುಡಿಯೋಗೆ ಹೋಗಬೇಕೆಂಬ ಕಟ್ಟುಪಾಡು ಬಂದಲ್ಲಿ ಬಾಗಿಲು ಮುಚ್ಚಿಕೊಳ್ಳುವುದೇ ಲೇಸು.

ಹೊಸಬರಿಗೆ ಮೊದಲು ಬೇಕಾದದ್ದು ಬೆಲೆಬಾಳುವ ಆಲ್ಬಮ್ಮೂ ಅಲ್ಲ. ಕಿಟಕಿಯ ಬೆಳಕು, ಬರಿಯ ಗೋಡೆ, ಬಣ್ಣ ಹಚ್ಚದ ಮುಖ, ಹಿಂದಕ್ಕೆ ಕಟ್ಟಿದ ಕೂದಲು, ಮೈಗೊಪ್ಪುವ ಸರಳ ಉಡುಪು: ಇಷ್ಟಿದ್ದರೆ ಸಾಕು. ಎದುರಿನಿಂದ ಒಂದು, ಪಕ್ಕದಿಂದ ಒಂದು, ಅಡಿಯಿಂದ ಮುಡಿಯವರೆಗೆ ಒಂದು ಚಿತ್ರ. ಜೊತೆಗೆ ಎತ್ತರ ಮತ್ತು ಅಳತೆಗಳು. ಆರಿಸುವವರು ನೋಡಬಯಸುವುದು ಇರುವ ರೂಪವನ್ನು, ತಿದ್ದಿದ ರೂಪವನ್ನಲ್ಲ. ಆದಕಾರಣ ಅಳತೆಯಲ್ಲಿ ಸುಳ್ಳು ಬರೆದವರು ಮೊದಲ ದಿನವೇ ಸಿಕ್ಕಿಬೀಳುತ್ತಾರೆ.

ಹುಡುಗಿಯ ಎತ್ತರ 5 ಅಡಿ 4 ಅಂಗುಲ. ರ‍್ಯಾಂಪಿನ ಮೇಲೆ ನಡೆಯುವ ಹೆಣ್ಣುಮಕ್ಕಳಿಂದ ಸಾಮಾನ್ಯವಾಗಿ 5 ಅಡಿ 8 ಅಂಗುಲದಷ್ಟು ಎತ್ತರವನ್ನು ಅಪೇಕ್ಷಿಸುತ್ತಾರೆಂದು ತಿಳಿದ ದಿನ ಅವಳು ಊಟ ಮಾಡಲಿಲ್ಲ. ಆದರೆ ವೃತ್ತಿಯೆಂದರೆ ರ‍್ಯಾಂಪ್ ಒಂದೇ ಅಲ್ಲ. ಕ್ಯಾಟಲಾಗು, ಮುದ್ರಿತ ಜಾಹೀರಾತು, ದೂರದರ್ಶನದ ಜಾಹೀರಾತು ಇವುಗಳಿಗೆ ನೆರೆಮನೆಯ ಸೊಸೆಯಂತೆ, ಬ್ಯಾಂಕಿನ ಗುಮಾಸ್ತೆಯಂತೆ, ಎಳೆಯ ತಾಯಿಯಂತೆ ಕಾಣುವ ಮುಖಗಳೇ ಬೇಕು. ಓಣಿಯಲ್ಲಿ ಮದುವೆಯ ಫೋಟೋ ತೆಗೆಯುತ್ತಿದ್ದ ಯುವಕನೊಬ್ಬನಿಗೂ ತನ್ನ ಕೈಚಳಕ ತೋರಿಸಲು ಚಿತ್ರಗಳು ಬೇಕಾಗಿದ್ದವು. ಹಣದ ಮಾತಿಲ್ಲದೆ ಇಬ್ಬರೂ ನಾಲ್ಕು ಭಾನುವಾರ ದುಡಿದರು. ಸೋದರತ್ತೆ ಕುರ್ಚಿ ಹಾಕಿಕೊಂಡು ಕುಳಿತಳು.

ನಿಲ್ಲುವುದು ಎಷ್ಟು ಕಠಿಣವೆಂಬುದು ಆಗ ತಿಳಿಯಿತು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ದೀಪ ಹಿಡಿದ ತರುಣಿಯ ಚಿತ್ರವನ್ನು ಕಂಡವರು ಬೆಳಕಿನ ಸೊಬಗನ್ನು ಕೊಂಡಾಡುತ್ತಾರೆ. ಕಲಾವಿದ ಹಾಲ್ದಣಕರರ ಎದುರು ಹಾಗೆ ದೀಪ ಹಿಡಿದು ನಿಂತವಳು ಅವರ ಮಗಳೇ. ಆ ಕೈಯ ನೋವು ಚಿತ್ರದಲ್ಲಿ ಕಾಣುವುದಿಲ್ಲ. ಕಾಣದಂತೆ ನಿಲ್ಲುವುದೇ ಈ ವಿದ್ಯೆ.

ಮುಂಬಯಿಗೆ ಅವಳು ತಂದೆಯೊಡನೆ ಸಿದ್ಧೇಶ್ವರ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿಯಿಡೀ ಪಯಣಿಸಿ ಹೋದದ್ದು ನಾಲ್ಕು ಸಲ. ಅಂಧೇರಿಯ ಆಡಿಷನ್ ಕೊಠಡಿಗಳಲ್ಲಿ ಹೆಸರು, ಎತ್ತರ ಹೇಳಿ ಎಡಬಲಕ್ಕೆ ಮುಖ ತಿರುಗಿಸುವಷ್ಟರಲ್ಲಿ ಸರದಿ ಮುಗಿಯುತ್ತಿತ್ತು. ‘ನಾಟ್ ಫಿಟ್’ ಎಂಬ ಎರಡು ಮಾತಿಗೆ ಮರುಪ್ರಶ್ನೆಯಿಲ್ಲ. ಸಾಬೂನು ಮಾರುವವನಿಗೆ ಬೇಕಾದ ಮುಖ ಬೇರೆ, ವಿಮೆ ಮಾರುವವನಿಗೆ ಬೇಕಾದದ್ದು ಬೇರೆ. ಅದು ತನ್ನ ಬೆಲೆಯ ತೀರ್ಪಲ್ಲವೆಂದು ಬುದ್ಧಿ ಒಪ್ಪಿದರೂ ಮನಸ್ಸು ಒಪ್ಪಲು ಬಹಳ ದಿನ ಹಿಡಿಯಿತು. ಹಿಂದಿರುಗುವ ಗಾಡಿಯಲ್ಲಿ ತಂದೆ ಬುತ್ತಿಯ ರೊಟ್ಟಿ ಬಿಚ್ಚುತ್ತಿದ್ದರು, ಏನಾಯಿತೆಂದು ಕೇಳುತ್ತಿರಲಿಲ್ಲ.

ಮೊದಲ ಕೆಲಸ ಊರಿನಲ್ಲಿಯೇ ದೊರೆಯಿತು. ಸಿದ್ಧ ಉಡುಪಿನ ವ್ಯಾಪಾರಿಯೊಬ್ಬರ ಕ್ಯಾಟಲಾಗಿಗೆ ಒಂದು ದಿನದಲ್ಲಿ 40 ಜೊತೆ ಉಡುಪು ಬದಲಿಸಿ ನಿಲ್ಲಬೇಕು. ಸಂಭಾವನೆ 4,000 ರೂಪಾಯಿ. ಸಹಿಗೆಂದು ತಂದ ಕಾಗದದಲ್ಲಿ ಚಿತ್ರಗಳನ್ನು ಎಲ್ಲ ಮಾಧ್ಯಮಗಳಲ್ಲಿ ಶಾಶ್ವತವಾಗಿ ಬಳಸಬಹುದೆಂದು ಬರೆದಿತ್ತು. ಲೆಕ್ಕಿಗರ ಮಗಳು ಅದನ್ನು ಎರಡು ಸಲ ಓದಿದಳು. ಇಂದು ಕ್ಯಾಟಲಾಗಿಗೆ ನಿಂತ ಮುಖ ನಾಳೆ ಹೆದ್ದಾರಿಯ ಫಲಕದಲ್ಲಿ, ಕಾಣದ ಊರಿನ ಕಾಣದ ಸರಕಿನ ಮೇಲೆ ನಿಲ್ಲಬಹುದು. ಅದಕ್ಕೆ ಅವಳ ಒಪ್ಪಿಗೆಯೂ ಬೇಡ, ಬಿಡಿಗಾಸೂ ಇಲ್ಲ. ಯಾವ ಮಾಧ್ಯಮ, ಎಷ್ಟು ಕಾಲ, ಯಾವ ಪ್ರದೇಶ: ಈ ಮೂರನ್ನು ಬರೆಯದೆ ರೂಪಕ್ಕೆ ಬೆಲೆ ಕಟ್ಟಲಾಗದು. ಒಂದು ವರ್ಷ, ಕ್ಯಾಟಲಾಗು ಮಾತ್ರ ಎಂದು ಬರೆಯಿರೆಂದು ಕೇಳಿದಳು.

“ಹೊಸಬರು ಷರತ್ತು ಹಾಕತಾರೇನವಾ?” ಎಂದು ವ್ಯಾಪಾರಿ ನಕ್ಕರು. ಹೊರಗೆ ಇನ್ನಿಬ್ಬರು ಹುಡುಗಿಯರು ಕಾದಿದ್ದರು. ಅವಳು ಲೇಖನಿಯನ್ನು ಮೇಜಿನ ಮೇಲಿಟ್ಟು ಸುಮ್ಮನೆ ಕುಳಿತಳು. ಕಡೆಗೆ ‘ಎರಡು ವರ್ಷ, ಕ್ಯಾಟಲಾಗು ಮತ್ತು ಅಂಗಡಿಯ ಫಲಕ’ ಎಂಬಲ್ಲಿಗೆ ಮಾತು ನಿಂತಿತು. ಹಣ ಕೈಸೇರಲು 50 ದಿನ ಹಿಡಿಯಿತು.

ಬೆಳಗಿನ ಹೊತ್ತು ಅವಳು ಜಿಎಸ್‌ಟಿ ಸಲಹೆಗಾರರೊಬ್ಬರ ಕಚೇರಿಯಲ್ಲಿ ದುಡಿಯುತ್ತಾಳೆ. ಆ ಸಂಬಳವಿರುವುದರಿಂದಲೇ ಒಲ್ಲದ ಕೆಲಸಕ್ಕೆ ಒಲ್ಲೆನೆನ್ನುವ ಧೈರ್ಯ ಉಳಿದಿದೆ. ಮಗಳ ಚಿತ್ರ ಅಂಗಡಿಯ ಫಲಕವೇರಿದ ದಿನ ತಂದೆ ಹೊಗಳಲೂ ಇಲ್ಲ, ತೆಗಳಲೂ ಇಲ್ಲ. ಹೊಸದೊಂದು ಖಾತೆ ಪುಸ್ತಕ ತಂದು, ಮೇಲೆ ಅವಳ ಹೆಸರು ಬರೆದು, ಜಮೆಯ ಬದಿಗೆ 4,000 ಎಂದೂ ಖರ್ಚಿನ ಬದಿಗೆ ನಾಲ್ಕು ಪಯಣಗಳ ರೈಲು ದರವನ್ನೂ ಬರೆದಿಟ್ಟರು.