ಎಣ್ಣೆ ಕುಡಿಸಿದ ಪಟ್ಟಿ

ಜಟಕಾ ಕುದುರೆಯ ಸಜ್ಜಿನಲ್ಲಿ ಎಲ್ಲರ ಕಣ್ಣಿಗೆ ಬೀಳುವುದು ಲಗಾಮು, ಕಡಿವಾಣ, ಹಣೆಯ ಕುಚ್ಚು. ತೊಡೆಯ ಹಿಂದೆ ಸುತ್ತಿ ಬರುವ ಹಿಂಪಟ್ಟಿಯನ್ನು ಯಾರೂ ನೋಡುವುದಿಲ್ಲ. ಏರಿನಲ್ಲಿ ಅದಕ್ಕೆ ಕೆಲಸವೂ ಇಲ್ಲ. ಇಳಿಜಾರಿನಲ್ಲಿ ಮಾತ್ರ ಗಾಡಿಯ ಭಾರವನ್ನೆಲ್ಲ ಅದೇ ತಡೆಯಬೇಕು. ತೀರ್ಥಹಳ್ಳಿ ಕಡೆಯ ನಮ್ಮ ತೋಟದ ದಾರಿ ಪೂರ್ತಿ ಇಳಿಜಾರು. ನನ್ನ ಸಜ್ಜಿನಲ್ಲಿ ಕಿತ್ತುಬಂದದ್ದೂ ಅದೇ ಪಟ್ಟಿ.

ಗಾಡಿ ಮುಂದಕ್ಕೆ ನುಗ್ಗಿ ಕುದುರೆಯ ಹಿಂಗಾಲಿಗೆ ಬಡಿಯಿತು. ಅದು ಬೆದರಿ ಅಡಿಕೆ ತೋಟಕ್ಕೆ ಹಾರಿತು. ಗಾಲಿ ಮರಕ್ಕೆ ಸಿಕ್ಕಿ ನಿಂತಿತು. ಗಾಡಿಯಲ್ಲಿ ನಾನೊಬ್ಬನೇ ಇದ್ದೆ, ಪುಣ್ಯ. ಕುದುರೆಯ ಕಾಲಿನ ಗಾಯವೇನೋ ಮಾಯಿತು. ಇಳಿಜಾರು ಕಂಡೊಡನೆ ಅಡ್ಡ ತಿರುಗಿ ನಿಲ್ಲುವ ಅದರ ಹಟ ಇನ್ನೂ ಹೋಗಿಲ್ಲ.

ಸಜ್ಜನ್ನು ನಾನು ಅಲಕ್ಷಿಸಿದ್ದೆ ಎಂದುಕೊಳ್ಳಬೇಡಿ. ಮಾಡಿದ ಉಪಚಾರವೇ ಹೆಚ್ಚಾಗಿತ್ತು. ಆರಿದ್ರಾ ಮಳೆಯಲ್ಲಿ ತೊಯ್ದ ಪಟ್ಟಿಗಳನ್ನು ಬಟ್ಟೆಯ ಜೊತೆಗೇ ಬಚ್ಚಲೊಲೆಯ ಮೇಲಿನ ಗಳಕ್ಕೆ ಹಾಕುತ್ತಿದ್ದೆ. ಬೆಳಗಾಗುವಷ್ಟರಲ್ಲಿ ಅವು ಹಪ್ಪಳದಂತೆ ಸೆಟೆದಿರುತ್ತಿದ್ದವು. ಮೆದುವಾಗಲೆಂದು ಕೊಬ್ಬರಿ ಎಣ್ಣೆ ಸುರಿಯುತ್ತಿದ್ದೆ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡುತ್ತಿದ್ದೆ. ವಾರದೊಳಗೆ ಬಿಳಿ ಬೂಷ್ಟು. ಒರೆಸಿ ಮತ್ತೆ ಎಣ್ಣೆ. ಮೇಲೆ ಏನು ಹೊಳಪು ಅಂತೀರಿ!

ಕಿತ್ತ ಪಟ್ಟಿಯನ್ನು ಶಿವಮೊಗ್ಗದ ಹಳೆಯ ಚರ್ಮಗಾರರೊಬ್ಬರ ಮುಂದಿಟ್ಟೆ. ಅವರು ಹೊಳಪಿನ ಕಡೆ ನೋಡಲೇ ಇಲ್ಲ. ಬಕಲ್ಲಿನ ಹತ್ತಿರ ಚರ್ಮ ಮಡಚಿಕೊಂಡ ಜಾಗ ಬಿಡಿಸಿ ಹೊಲಿಗೆ ತೋರಿಸಿದರು. ದಾರ ಉಗುರಿಗೆ ಪುಡಿಯಾಗಿ ಬಂತು. ಎರಡು ಪದರದ ನಡುವೆ ನೀರು ನಿಂತರೆ ಒಣಗುವ ದಾರಿಯೇ ಇಲ್ಲ. ಚರ್ಮಕ್ಕಿಂತ ಮೊದಲು ಕೊಳೆಯುವುದು ಅಲ್ಲಿನ ದಾರ. ಕಬ್ಬಿಣದ ಬಕಲ್ಲಿನ ತುಕ್ಕು ತೊಗಟೆಯಿಂದ ಹದ ಮಾಡಿದ ಚರ್ಮಕ್ಕೆ ತಾಗಿ ಸುತ್ತಲೂ ಕಪ್ಪಾಗಿತ್ತು. ಹೊರಗಿನ ಮೈ ಹೊರಗೆ ಬರುವಂತೆ ಪಟ್ಟಿಯನ್ನು ಬಗ್ಗಿಸಿದರು. ಸಣ್ಣ ಸಣ್ಣ ಬಿರುಕು ಸಾಲಾಗಿ ಬಾಯಿಬಿಟ್ಟವು. ಅಷ್ಟು ಎಣ್ಣೆ ಸುರಿದ ನಾನು ಒಮ್ಮೆಯಾದರೂ ಹಾಗೆ ಬಗ್ಗಿಸಿ ನೋಡಿರಲಿಲ್ಲ.

ಚರ್ಮದ ಎಳೆಗಳು ಒಂದರ ಮೇಲೊಂದು ಜಾರುವುದು ನಡುವಿನ ಕೊಬ್ಬಿನಿಂದ. ಒದ್ದೆ ಚರ್ಮಕ್ಕೆ ಬೆಂಕಿಯ ಕಾವು ತಾಗಿದರೆ ಎಳೆಗಳು ಕುಗ್ಗಿ ಅಂಟಿಕೊಳ್ಳುತ್ತವೆ. ಆಮೇಲೆ ಎಷ್ಟು ಎಣ್ಣೆ ಹಾಕಿದರೂ ಬಿರುಕು ಕೂಡುವುದಿಲ್ಲ. ಅತಿಯಾದರೆ ಪಟ್ಟಿ ಜೋಲುತ್ತದೆ, ಎಳೆದಷ್ಟೂ ಉದ್ದವಾಗುತ್ತದೆ. ಕೊಬ್ಬರಿ ಎಣ್ಣೆಯಂತೂ 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಮಳೆಗಾಲದ ನಮ್ಮ ಸಂಜೆಗಳಲ್ಲಿ ಅದು ಒಳಗಿಳಿಯುವ ಬದಲು ಮೇಲೆಯೇ ಹೆಪ್ಪುಗಟ್ಟಿ ಕೂರುತ್ತಿತ್ತು. ಬೂಷ್ಟಿಗೆ ಅದಕ್ಕಿಂತ ಒಳ್ಳೆಯ ಊಟ ಬೇಕೆ? ಆಗುಂಬೆ ನಮಗೆ ದೂರವೇನಲ್ಲ. ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ ಸುರಿಯುವ ಆ ಸೀಮೆಯ ಗಾಳಿಯಲ್ಲೇ ಸಾಕಷ್ಟು ನೀರಿರುವಾಗ ಚರ್ಮವನ್ನು ಚೀಲದಲ್ಲಿ ಕಟ್ಟಿದ್ದು ಬೂಷ್ಟಿಗೆ ಮನೆ ಕಟ್ಟಿಕೊಟ್ಟ ಹಾಗಾಯಿತು.

ಈಗ ತೊಯ್ದ ಸಜ್ಜನ್ನು ಒರೆಸಿ, ಬಕಲ್ಲುಗಳನ್ನೆಲ್ಲ ಬಿಚ್ಚಿ, ಗಾಳಿಯಾಡುವ ಜಗಲಿಯಲ್ಲಿ ಹರಡುತ್ತೇನೆ. ಬಚ್ಚಲಿನ ಕಡೆಗೆ ಒಯ್ಯುವುದಿಲ್ಲ. ತೇವ ಇನ್ನೂ ಸ್ವಲ್ಪ ಉಳಿದಿರುವಾಗಲೇ ಚರ್ಮಕ್ಕೆ ಹಾಕುವ ನೀಟ್ಸ್‌ಫುಟ್ ಎಣ್ಣೆಯನ್ನು ಬಟ್ಟೆಯಲ್ಲಿ ತೆಳುವಾಗಿ ಸವರುತ್ತೇನೆ; ನೀರು ಹೊರಟಂತೆ ಎಣ್ಣೆ ಒಳಗಿಳಿಯುತ್ತದೆ. ಹೊಸ ಹೊಲಿಗೆಗೆ ಜೇನುಮೇಣ ತಿಕ್ಕಿದ ದಾರ, ಬಕಲ್ಲು ಸ್ಟೇನ್‌ಲೆಸ್ ಸ್ಟೀಲಿನದು. ಹಿತ್ತಾಳೆ ಅಂದವೇ, ಆದರೆ ಎಣ್ಣೆ ತಾಗಿದಲ್ಲಿ ಹಸಿರು ಕಿಲುಬು ಕಟ್ಟುತ್ತದೆ.

ಮೃಗಶಿರಾ ಹಿಡಿದರೆ ಹಿಂಪಟ್ಟಿ ಮಾತ್ರ ನೈಲಾನಿನದು. ನೋಡಲು ಲಕ್ಷಣವಾಗಿಲ್ಲ, ಒದ್ದೆಯಾದರೆ ಕುದುರೆಯ ತೊಡೆಯನ್ನು ಉಜ್ಜುತ್ತದೆ ಬೇರೆ. ಅದಕ್ಕೆ ಒಳಗಡೆ ಹಳೆಯ ಕಂಬಳಿಯ ತುಂಡು ಹೊಲಿಸಿದ್ದೇನೆ. ಅದೂ ನೆನೆಯುತ್ತದೆ, ದಿನಾ ಬಿಚ್ಚಿ ಒಣಗಿಸಬೇಕು.