ಈ ಪಿನ್‌ಕೋಡಿಗೆ ಯಾರು?

ಆಷಾಢದ ಮಧ್ಯಾಹ್ನ. ಶಿರಸಿಯಿಂದ ಬನವಾಸಿ ರಸ್ತೆ ಹಿಡಿದು ಬಂದು, ಅಡಿಕೆ ತೋಟದ ಮೇಲಿನ ಈ ಮನೆಯ ಜಗುಲಿಯಲ್ಲಿ ನೀವು ಕುಳಿತಿದ್ದೀರಿ. ಅಂಗಳಕ್ಕೆ ಹಾಸಿದ ಅಡಿಕೆ ದಬ್ಬೆಗಳ ಮೇಲೆ ಮಳೆ ಹೊಯ್ಯುತ್ತಿದೆ. ಒಳಗಿಂದ ಸಾಸಿವೆಯ ಘಾಟು, ಅದರ ಹಿಂದೆಯೇ ಅಪ್ಪೆಮಿಡಿಯ ಸೊನೆಯ ಪರಿಮಳ. ಜಗುಲಿಯ ಆಚೆ ತುದಿಯಲ್ಲಿ ಹಳೆಯ ಪತ್ರಿಕೆ ಹಾಸಿ, ಅದರ ಮೇಲೆ ಅರ್ಧ ಕಿಲೋ ಬಾಟಲಿಗಳನ್ನು ತಲೆಕೆಳಗಾಗಿ ನಿಲ್ಲಿಸಿದ್ದಾರೆ. ನಿನ್ನೆ ರಾತ್ರಿಯಿಂದ ಹಾಗೆಯೇ ಇವೆ. ಮನೆಯ ಅಕ್ಕ ಒಂದೊಂದನ್ನೇ ಎತ್ತಿ, ಅಡಿಯ ಕಾಗದವನ್ನು ಬೆರಳಿನಿಂದ ಒತ್ತಿ ನೋಡುತ್ತಾರೆ. ಒಣಗಿದ್ದರೆ ಬಾಟಲಿ ಬಲಕ್ಕೆ. ಒಂದರ ಅಡಿಯಲ್ಲಿ ಮಾತ್ರ ಅಚ್ಚಿನ ಅಕ್ಷರಗಳ ಮೇಲೆ ಕೆಂಪು ಎಣ್ಣೆಯ ಕಲೆ ಹರಡಿದೆ. ಮುಚ್ಚಳ ಬಿಚ್ಚಿ ನಿಮಗೂ ತೋರಿಸುತ್ತಾರೆ: ಬಾಯಿಗೆ ಅಂಟಿಸಿದ ಅಲ್ಯೂಮಿನಿಯಂ ಹಾಳೆ ಒಂದು ಬದಿಯಲ್ಲಿ ಕೂದಲೆಳೆಯಷ್ಟು ಎದ್ದಿದೆ.

“ಸೋರೋದು ಇಲ್ಲೇ ಸೋರಿಹೋಗ್ಲಿ. ಗಿರಾಕಿ ಮನೇಲಿ ಸೋರಿದ್ರೆ ಅವರು ಕೊರಿಯರಿನವರನ್ನ ಬಯ್ಯೋದಿಲ್ಲ, ನನ್ನನ್ನ ಬಯ್ತಾರೆ.”

ಮಿಡಿ ಸಿಗುವುದು ವರ್ಷಕ್ಕೊಮ್ಮೆ, ಜನವರಿಯಿಂದ ಮಾರ್ಚ್ ತನಕ. ಮರ ಹತ್ತಿ, ತೊಟ್ಟು ಮುರಿಯದಂತೆ ಇಳಿಸಬೇಕು. ನೆಲಕ್ಕೆ ಬಿದ್ದು ಪೆಟ್ಟಾದದ್ದು ಉಪ್ಪಿನಕಾಯಿಗೆ ಬಾರದು. ಉಪ್ಪಿನಲ್ಲಿ ಹಾಕಿ, ಚಿರುಟಿದ ಮೇಲೆ ಖಾರ ಅರೆದು ಬೆರೆಸಿ, ಬಾಟಲಿಗೆ ತುಂಬುವ ಹೊತ್ತಿಗೆ ತಿಂಗಳುಗಳೇ ಕಳೆದಿರುತ್ತವೆ. ಅಷ್ಟು ದಿನದ ಕೆಲಸವನ್ನು ಕೊನೆಗೆ ಮುಖಪರಿಚಯವೂ ಇಲ್ಲದವರ ಕೈಗೆ ಒಪ್ಪಿಸಬೇಕು. ಹಳ್ಳಿಯಲ್ಲಿ ಕೂತು ವ್ಯಾಪಾರ ಮಾಡುವ ಹೆಂಗಸರಿಗೆ ಇದಕ್ಕಿಂತ ದೊಡ್ಡ ಚಿಂತೆ ಇನ್ನೊಂದಿಲ್ಲ ಎಂಬುದು ಈ ಜಗುಲಿಯಲ್ಲಿ ಅರ್ಧ ಗಂಟೆ ಕೂತರೆ ತಿಳಿಯುತ್ತದೆ.

ಈಗ ಹಲಸಿನ ಚಿಪ್ಸ್‌ನ ಸರದಿ. ಮಗಳು ಟೇಪು ಹಿಡಿದು ರಟ್ಟಿನ ಪೆಟ್ಟಿಗೆ ಅಳೆಯುತ್ತಾಳೆ: ಉದ್ದ 40 ಸೆಂಟಿಮೀಟರ್, ಅಗಲ 30, ಎತ್ತರ 25. ತಕ್ಕಡಿಯಲ್ಲಿ ಅದು ಎರಡು ಕಿಲೋ ತೂಗುತ್ತದೆ. ಆದರೆ ಕೊರಿಯರಿನವರು ಹಣ ತೆಗೆದುಕೊಳ್ಳುವುದು ಎರಡು ಕಿಲೋಗೆ ಅಲ್ಲ. ಮೂರು ಅಳತೆಗಳನ್ನೂ ಗುಣಿಸಿ 5000ದಿಂದ ಭಾಗಿಸುತ್ತಾರೆ. ಆರು ಕಿಲೋ ಬರುತ್ತದೆ. ತೂಕ, ಗಾತ್ರ ಇವೆರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ದರ. ಕೆಲವು ಕಂಪನಿಗಳು 5000ಕ್ಕಿಂತ ಕಡಿಮೆ ಸಂಖ್ಯೆಯಿಂದ ಭಾಗಿಸುತ್ತವೆ, ಆಗ ಬಿಲ್ಲು ಇನ್ನೂ ಏರುತ್ತದೆ. ದರಪಟ್ಟಿಯಲ್ಲಿ ದಪ್ಪ ಅಕ್ಷರದಲ್ಲಿರುವುದು ಕಿಲೋ ದರ. ಈ ಭಾಗಾಕಾರದ ಸಂಖ್ಯೆಯನ್ನು ಮಾತ್ರ ಹುಡುಕಬೇಕು. ಇಬ್ಬರು ಕೊರಿಯರಿನವರ ದರ ಹೋಲಿಸುವವರು ಮೊದಲು ಕೇಳಬೇಕಾದದ್ದು ಇದನ್ನೇ ಎಂದು ನನ್ನ ಖಚಿತ ಅಭಿಪ್ರಾಯ.

ಮಗಳು ಚಾಕುವಿನಿಂದ ಪೆಟ್ಟಿಗೆಯ ನಾಲ್ಕು ಮೂಲೆಗಳನ್ನೂ ಮೇಲಿಂದ ಏಳು ಸೆಂಟಿಮೀಟರ್ ಸೀಳುತ್ತಾಳೆ. ಅಂಚುಗಳನ್ನು ಒಳಕ್ಕೆ ಮಡಚಿ, ಪೊಟ್ಟಣಗಳನ್ನು ಮಲಗಿಸಿ ಜೋಡಿಸಿ, ಅಂಗೈಯಿಂದ ಒತ್ತಿ ಟೇಪು ಎಳೆಯುತ್ತಾಳೆ. ಎತ್ತರ 18ಕ್ಕೆ ಇಳಿಯಿತು. ಆರು ಕಿಲೋ ಇದ್ದದ್ದು 4.3 ಕಿಲೋ ಆಯಿತು. ಉಪ್ಪಿನಕಾಯಿಗೆ ಈ ಕಷ್ಟವಿಲ್ಲ, ಅದು ಗಾತ್ರಕ್ಕಿಂತ ತೂಕದ ಸಾಮಾನು. ಅದರ ತೊಂದರೆಯೇ ಬೇರೆ: ಎಣ್ಣೆ, ರಸ ಇರುವುದರಿಂದ ವಿಮಾನದಲ್ಲಿ ಕಳಿಸುವ ಕಡೆ ತಕರಾರು ಬರುತ್ತದೆ. ಹೀಗೆ ಒಂದೇ ಮನೆಯ ಎರಡು ಸಾಮಾನಿಗೆ ಎರಡು ಬಗೆಯ ಸಾಗಣೆ ಬೇಕಾಗುತ್ತದೆ. ಎಲ್ಲವನ್ನೂ ಒಬ್ಬರಿಗೇ ಕೊಟ್ಟುಬಿಟ್ಟರೆ ಲೆಕ್ಕ ಸುಲಭವೇನೋ ಹೌದು, ಆ ಒಬ್ಬರು ಕೈಕೊಟ್ಟ ದಿನ ಇಡೀ ವ್ಯಾಪಾರ ನಿಲ್ಲುತ್ತದೆ.

ಅಕ್ಕ ಗೋಡೆಯ ಗೂಡಿನಿಂದ ನೋಟ್‌ಬುಕ್ ತಂದು ನಿಮ್ಮ ಮುಂದೆ ತೆರೆಯುತ್ತಾರೆ. ಎಡಗಡೆ ಕಂಪನಿಗಳ ಹೆಸರು ಇರಬಹುದೆಂದು ನೀವು ಬಗ್ಗಿ ನೋಡಿದರೆ ಅಲ್ಲಿರುವುದು ಪಿನ್‌ಕೋಡ್‌ಗಳು. 560004, ಬಸವನಗುಡಿ. 560085, ಬನಶಂಕರಿ. ಆಮೇಲೆ ಮೈಸೂರು, ಧಾರವಾಡ, ಕಲಬುರಗಿ ಕಡೆಯ ಹಳ್ಳಿಗಳು, ಮುಂಬೈ. ಪ್ರತಿಯೊಂದರ ಎದುರು ಯಾರಿಗೆ ಕೊಟ್ಟದ್ದು, ಯಾವತ್ತು ತಲುಪಿತು, ಯಾವ ಸ್ಥಿತಿಯಲ್ಲಿ ತಲುಪಿತು. ಕೊನೆಯ ಸಾಲಿನಲ್ಲಿ, ಕೆಂಪು ಶಾಯಿಯಲ್ಲಿ, ಫೋನ್ ಎತ್ತಿದವರ ಹೆಸರು.

1972ರ ಆಗಸ್ಟ್ 15ರಂದು ಅಂಚೆ ಇಲಾಖೆ ತನ್ನ ಅನುಕೂಲಕ್ಕೆಂದು ತಂದ ಆರಂಕಿ ಈ ಪಿನ್‌ಕೋಡ್. ಮೊದಲ ಮೂರು ಅಂಕಿ ಕಾಗದ ವಿಂಗಡಿಸುವ ಜಿಲ್ಲೆಗೆ, ಕೊನೆಯ ಮೂರು ಬಟವಾಡೆ ಮಾಡುವ ಕಚೇರಿಗೆ. ಇವತ್ತು ಖಾಸಗಿ ಕೊರಿಯರಿನವರೂ ಅದನ್ನೇ ಹಿಡಿದು ನಡೆಯುತ್ತಾರೆ. ಅಕ್ಕನ ಪುಸ್ತಕದಲ್ಲಿ ಕೊರಿಯರ್‌ಗಳ ಗುಣದೋಷವೂ ಪಿನ್‌ಕೋಡಿನಂತೆಯೇ ಬದಲಾಗುತ್ತದೆ. ಬಸವನಗುಡಿಗೆ ಎರಡನೇ ದಿನ ಮುಟ್ಟಿಸುವ ಕಂಪನಿ, ಕಲಬುರಗಿಯ ಹಳ್ಳಿಗೆ ಹೋಗುವುದೇ ಇಲ್ಲ. ತಾಲ್ಲೂಕು ಕೇಂದ್ರಕ್ಕೆ ಬಂದು ತೆಗೆದುಕೊಂಡು ಹೋಗಿ ಎಂದು ಗಿರಾಕಿಗೇ ಫೋನ್ ಮಾಡುತ್ತದೆ. ಕಂಪನಿಯ ಬೋರ್ಡು ದೇಶದುದ್ದಕ್ಕೂ ಒಂದೇ ಇರಬಹುದು. ಪಾರ್ಸೆಲ್ ಮುಟ್ಟುವುದೂ ಬಿಡುವುದೂ ಇಲ್ಲಿನ ಶಾಖೆ ಮತ್ತು ಅಲ್ಲಿನ ಶಾಖೆ, ಈ ಎರಡರ ಮೇಲೆ ನಿಂತಿದೆ.

ಪುಟ ತಿರುವುವಾಗ ಒಂದು ಕಡೆ ಅಕ್ಕನ ಬೆರಳು ನಿಲ್ಲುತ್ತದೆ. ಕ್ಯಾಶ್ ಆನ್ ಡೆಲಿವರಿಯಲ್ಲಿ ಕಳಿಸಿದ್ದ ಪೆಟ್ಟಿಗೆ. “ಗಿರಾಕಿ ಮನೆಯಲ್ಲಿಲ್ಲ” ಎಂದು ಮೊಬೈಲಿನಲ್ಲಿ ಬಂತು; ಗಿರಾಕಿ ಇಡೀ ದಿನ ಮನೆಯಲ್ಲೇ ಇದ್ದರು. ಮತ್ತೆ ಅದೇ ಬರಹ, ಆಮೇಲೆ ಆರ್‌ಟಿಒ, ಅಂದರೆ ಕಳಿಸಿದವರಿಗೇ ವಾಪಸು. ಹೋದ ಖರ್ಚೂ ಬಂದ ಖರ್ಚೂ ಇವರ ತಲೆಗೆ. ಗ್ರಾಹಕ ಸೇವೆಯ ನಂಬರಿಗೆ ಕರೆ ಮಾಡಿದರೆ ಯಂತ್ರದ ದನಿ. ಅದರ ಕೆಳಗಿನ ಸಾಲಿನಲ್ಲಿ ಇನ್ನೊಂದು ಕಂಪನಿಯ ಕಥೆ: ಹುಬ್ಬಳ್ಳಿಯಲ್ಲಿ ಪಾರ್ಸೆಲ್ ಸಿಕ್ಕಿಹಾಕಿಕೊಂಡಾಗ ಶಿರಸಿಯ ಶಾಖೆಯ ಮನುಷ್ಯ ತಾನೇ ಗೋಡೌನಿಗೆ ಫೋನ್ ಹಚ್ಚಿ, ಹುಡುಕಿಸಿ, ಮರುದಿನವೇ ಹೊರಡಿಸಿದ. ತಡವಂತೂ ಇಬ್ಬರಿಂದಲೂ ಆಯಿತು. ಅಕ್ಕ ಈಗಲೂ ಪಾರ್ಸೆಲ್ ಕೊಡುವುದು ಎರಡನೆಯವರಿಗೆ.

ಮಳೆ ತುಸು ಹೊಳವಾಯಿತು. ಆಟೋ ಬಂತು. ಪೆಟ್ಟಿಗೆಗಳಿಗೆ ಪ್ಲಾಸ್ಟಿಕ್ ಹೊದಿಸಿ, ಸಂದಿಯಲ್ಲಿ ನೀವೂ ತೂರಿಕೊಂಡು, ಪೇಟೆಗೆ.

ಮೊದಲು ಅಂಚೆ ಕಚೇರಿ, ಕೌಂಟರ್ ಮುಚ್ಚುವ ಮೊದಲು. ಕಲಬುರಗಿ ಕಡೆಯ ಹಳ್ಳಿಗಳದೆಲ್ಲ ಇಲ್ಲಿಗೆ. ದೇಶದಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಅಂಚೆ ಕಚೇರಿಗಳಿವೆ, ಬಹುಪಾಲು ಹಳ್ಳಿಗಳಲ್ಲೇ; ಅಷ್ಟು ಒಳಗೆ ಹೋಗುವವರು ಬೇರೆ ಯಾರೂ ಇಲ್ಲ. ಕೌಂಟರಿನ ಮೇಡಂ ಪೆಟ್ಟಿಗೆಯನ್ನು ಅಲ್ಲಾಡಿಸಿ ಕಿವಿಗೊಡುತ್ತಾರೆ, ಏನೂ ಕುಲುಕುವುದಿಲ್ಲ. “ಇನ್ಶೂರೆನ್ಸ್ ಮಾಡ್ತೀರಾ?” ಅಕ್ಕ ಹೂಂ ಎನ್ನುತ್ತಾರೆ. ಸ್ಪೀಡ್ ಪೋಸ್ಟ್ ಕಳೆದುಹೋದರೆ ಸಿಗುವ ಪರಿಹಾರ, ಕಟ್ಟಿದ ಶುಲ್ಕದ ಎರಡರಷ್ಟು ಅಥವಾ 1000 ರೂಪಾಯಿ, ಇವುಗಳಲ್ಲಿ ಕಡಿಮೆಯದು. ಪೆಟ್ಟಿಗೆಯೊಳಗಿನ ಮಾಲಿನ ಬೆಲೆ ಅದರ ಎಷ್ಟೋ ಪಟ್ಟು.

ಅಲ್ಲಿಂದ ಬಸ್ ನಿಲ್ದಾಣ. ಬೆಂಗಳೂರಿನ ಅಂಗಡಿಯೊಂದಕ್ಕೆ ಹೋಗುವ ದೊಡ್ಡ ಪೆಟ್ಟಿಗೆಗಳು ರಾತ್ರಿ ಬಸ್ಸಿನಲ್ಲಿ ಹೋಗುತ್ತವೆ. ಸಾರಿಗೆ ನಿಗಮಗಳು 2021ರಲ್ಲಿ ‘ನಮ್ಮ ಕಾರ್ಗೋ’ ಶುರುಮಾಡಿದವಲ್ಲ, ಆ ವ್ಯವಸ್ಥೆ. ಸಂಜೆ ಕೊಟ್ಟದ್ದು ಬೆಳಗ್ಗೆ ಬೆಂಗಳೂರಲ್ಲಿರುತ್ತದೆ. ನಿಲ್ದಾಣಕ್ಕೆ ಹೋಗಿ ಬಿಡಿಸಿಕೊಳ್ಳುವ ಕೆಲಸ ಅಂಗಡಿಯವರದು. ಮನೆಯ ಗಿರಾಕಿಗೆ ಇದು ಹೊಂದುವುದಿಲ್ಲ, ಅಂಗಡಿಗೆ ಇದಕ್ಕಿಂತ ವೇಗದ್ದು ಬೇಕಿಲ್ಲ. ದೀಪಾವಳಿಗೆ ಮಾಲು ಇನ್ನೂ ಹೆಚ್ಚಾದರೆ ಟ್ರಾನ್ಸ್‌ಪೋರ್ಟ್ ಲಾರಿ. ಅಲ್ಲಿ ಕೊಡುವ ಎಲ್‌ಆರ್ ರಸೀದಿಯಲ್ಲಿ ಮಾಲಿನ ಬೆಲೆ ಬರೆಸದೆ ಅಕ್ಕ ಕೈ ಬಿಡುವುದಿಲ್ಲ. 2007ರ ರಸ್ತೆ ಸಾಗಣೆ ಕಾಯ್ದೆಯ ಪ್ರಕಾರ ಹೆಚ್ಚಿನ ಬೆಲೆ ಘೋಷಿಸದಿದ್ದರೆ ಸಾಗಣೆದಾರರ ಹೊಣೆ ಬಾಡಿಗೆಯ ಹತ್ತು ಪಟ್ಟಿಗೆ ನಿಲ್ಲುತ್ತದೆ. ನಷ್ಟವಾದರೆ ಲಿಖಿತ ನೋಟಿಸಿಗೆ ಇರುವ ಅವಧಿ 180 ದಿನ. ರಸೀದಿಯ ಹಿಂಬದಿಯ ಸಣ್ಣಕ್ಷರವನ್ನು ಕನ್ನಡಕ ಹಾಕಿಕೊಂಡು ಓದುವ ಇಂಥವರನ್ನು ಕಂಡರೆ ನನಗೆ ತುಂಬ ಗೌರವ.

ಕೊನೆಗೆ ನೀವು ಬಂದು ನಿಂತಿರುವುದು ಹೊಸದಾಗಿ ತೆರೆದ ಕೊರಿಯರ್ ಶಾಖೆಯಲ್ಲಿ. ಗೋಡೆಯ ಬಣ್ಣದ ವಾಸನೆ ಇನ್ನೂ ಹೋಗಿಲ್ಲ. ಹುಡುಗ ದರಪಟ್ಟಿ ಮುಂದಿಡುತ್ತಾನೆ. ಪೇಟೆಯಲ್ಲೇ ಅತಿ ಕಡಿಮೆ ದರ. ಅಕ್ಕ ಅದನ್ನು ಮಡಚಿ ಪುಸ್ತಕದೊಳಗೆ ಇಟ್ಟು ಕೇಳುತ್ತಾರೆ:

“ತಮಾ, ಇಲ್ಲಿಂದ ಗಾಡಿ ಎಷ್ಟೊತ್ತಿಗೆ ಹೊರಡ್ತದೆ?”

“ದಿನಾ ಆರೂವರೆಗೆ ಅಕ್ಕಾ.”

“ಭಾನುವಾರ?”

“ಭಾನುವಾರ ಇಲ್ಲ.” ಸುಳ್ಳು ಹೇಳಲಿಲ್ಲ. ಅಕ್ಕ ತಲೆಯಾಡಿಸುತ್ತಾರೆ.

“ಪಾರ್ಸೆಲ್ ವಾಪಸು ತಿರುಗಿಸೋ ಮೊದಲು ನಂಗೆ ಫೋನ್ ಬರ್ತದಾ? ಯಾರು ಮಾಡ್ತಾರೆ?”

ಹುಡುಗ ತಡವರಿಸುತ್ತಾನೆ. “ಮೆಸೇಜ್ ಬರ್ತದೆ ಅಕ್ಕಾ...”

“ಮೆಸೇಜ್ ಅಲ್ಲ. ಮನುಷ್ಯರು.”

ಅವನು ಹುಬ್ಬಳ್ಳಿಯ ಹಬ್‌ಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕುತ್ತಾನೆ. ರಿಂಗ್ ಆಗಿ ನಿಂತಿತು. ಮತ್ತೆ ಹಚ್ಚುತ್ತಾನೆ. ಈ ಸಲ ಯಾರೋ ಎತ್ತಿದರು. ಹಿಂದೆ ಪೆಟ್ಟಿಗೆ ಎಳೆಯುವ ಸದ್ದು. ಹುಡುಗ ವಿಷಯ ಹೇಳಿ, ಅವರ ಹೆಸರು ಮತ್ತು ನೇರ ನಂಬರ್ ಕೇಳಿ ಚೀಟಿಯಲ್ಲಿ ಬರೆದುಕೊಂಡು ಅಕ್ಕನಿಗೆ ಕೊಡುತ್ತಾನೆ. ಚೀಟಿಯನ್ನು ಅವರು ಕೆಂಪು ಶಾಯಿಯಲ್ಲಿ ಪುಸ್ತಕಕ್ಕೆ ಇಳಿಸಿಕೊಳ್ಳುತ್ತಾರೆ. ಆಮೇಲೆ ಚೀಲದಿಂದ ಎರಡೇ ಎರಡು ಪೆಟ್ಟಿಗೆ ತೆಗೆದು ಮೇಜಿನ ಮೇಲಿಡುತ್ತಾರೆ. ಒಂದು ಧಾರವಾಡದ ತಂಗಿಯ ಮನೆಗೆ, ಇನ್ನೊಂದು ಮೈಸೂರಿನ ಗೆಳತಿಗೆ. ಇಬ್ಬರಿಗೂ ಮೊದಲೇ ಹೇಳಿಯಾಗಿದೆ: ಪೆಟ್ಟಿಗೆ ಬಂದಾಗ ಬಿಚ್ಚುವ ಮೊದಲು ನಾಲ್ಕೂ ಬದಿಯ ಫೋಟೋ ಕಳಿಸಬೇಕು, ತಂದುಕೊಟ್ಟವರು ಮೆಟ್ಟಿಲು ಹತ್ತಿ ಬಂದರೋ ಗೇಟಿನಲ್ಲೇ ಇಟ್ಟು ಹೋದರೋ ಅದನ್ನೂ ತಿಳಿಸಬೇಕು.

ಹುಡುಗ ರಸೀದಿ ಹರಿದು ಕೊಡುತ್ತ ಕೇಳುತ್ತಾನೆ. “ನಾಳೆಯಿಂದ ಪಿಕಪ್‌ಗೆ ಮನೆಗೇ ಬರ್ಲಾ ಅಕ್ಕಾ?”

“ಧಾರವಾಡದಿಂದ ಫೋನ್ ಬರ್ಲಿ ತಮಾ. ಆಮೇಲೆ ಬಾ.”